ಮತ್ತೆ ಮೊದಲಿನಿಂದ

ಫೆಬ್ರವರಿ ೯

ಗುಬ್ಬಿಮರಿಗೆ,

ನಾನು ಕ್ಷೇಮವಾಗಿದ್ದೀನಿ ಅಂತ ಬೇರೆ ಬರೀಬೇಕಾ? ಕ್ಷೇಮ ಇಲ್ಲದಿದ್ರೆ ನಿನ್ನ ಬೈಯೋಕೆ ಶಕ್ತಿ ಎಲ್ಲಿಂದ ಬರ್ತಿತ್ತು? ಹೋದ ಪತ್ರದಲ್ಲಿ ಬೆಟ್ಟದ ಮೇಲೆ ಗಾಳಿ ಎಷ್ಟು, ಮಂಜು ಎಷ್ಟು, ಮಾಪಕ ಏನು ತೋರಿಸ್ತು ಅಂತ ಎರಡು ಪುಟ ತುಂಬಿಸಿದ್ದೀಯ. ನಾನು ನಿನ್ನ ಹವಾಮಾನ ಇಲಾಖೆ ಅಲ್ಲ ಕಣೇ, ಹೆತ್ತ ಅಮ್ಮ. ಹೊಟ್ಟೆಗೆ ಏನು ತಿಂತೀಯ, ಕಾಲ್ಚೀಲ ಒಣಗುತ್ತಾ ಇಲ್ವಾ, ಅದನ್ನ ಬರಿ. ಅಲ್ಲಿ ಫೋನು ಸಿಗಲ್ಲ ಅನ್ನೋದು ನಿನಗೊಂದು ಅನುಕೂಲವೇ ಆಗ್ಬಿಟ್ಟಿದೆ.

ಒಂದು ಸುದ್ದಿ. ನಮ್ಮ ನಾಲ್ವರ ಮೇಳಕ್ಕೆ ಮೇ ತಿಂಗಳಲ್ಲಿ ಗ್ರಂಥಾಲಯದ ಸಭಾಂಗಣದಲ್ಲಿ ಕಛೇರಿ ಕೊಟ್ಟಿದ್ದಾರೆ. ಬೀಗ ರಿಪೇರಿ ಅಂಗಡಿ ಹಿಂದಿನ ಕೋಣೇಲಿ ಗೋಡೆಗೆ ನುಡಿಸ್ತಿದ್ದವರು ಈಗ ಜನಕ್ಕೆ ನುಡಿಸ್ತೀವಿ! ಹಲ್ಲಿನ ಡಾಕ್ಟರು ಮೊದಲನೇ ಪಿಟೀಲು ತಾನೆ, ಆಗಲೇ ಕುತ್ತಿಗೆ ನೆಟ್ಟಗಾಗಿದೆ. ಎರಡನೇ ಪಿಟೀಲಿನ ಭೂಗೋಳದ ಮೇಡಂಗೆ ಸೀರೆ ಯಾವುದು ಅನ್ನೋ ಚಿಂತೆ. ನಿನ್ನ ಬೀಗದ ಮಾವ ಮಾತ್ರ ಎಂದಿನ ಹಾಗೆ ಆಳೆತ್ತರದ ಚೆಲ್ಲೊ ತಬ್ಬಿಕೊಂಡು ಅರ್ಧ ಕಣ್ಣು ಮುಚ್ಚಿ ಕೂತಿರ್ತಾರೆ. ನಿಮ್ಮಪ್ಪ ಹೋದ ಮೇಲೆ ಈ ದಪ್ಪ ದನಿಯ ದೊಡ್ಡ ಪಿಟೀಲು, ನನ್ನ ವಯೋಲಾನ ಮೂಲೆಗಿಡ್ತೀನಿ ಅಂದಾಗ ಅದನ್ನ ವಾಪಸ್ ಕೈಗೆ ತುರುಕಿದವರು ಅವರೇ ತಾನೆ.

ಮೊನ್ನೆ ಅಭ್ಯಾಸದಲ್ಲಿ ನಕ್ಕೂ ನಕ್ಕೂ ಸಾಕಾಯ್ತು. ನಾವು ನುಡಿಸೋ ರಚನೇಲಿ ಮೂರನೇದು ಸ್ಕೆರ್ಟ್ಸೊ. ಅದರ ನಡೆ ಹೇಗೆ ಗೊತ್ತಾ? ಮೊದಲ ಭಾಗ ನುಡಿಸ್ಬೇಕು, ಆಮೇಲೆ ನಡುಭಾಗ, ಅದಾದ ಮೇಲೆ ಪುಟ ಹಿಂದಕ್ಕೆ ತಿರುಗಿಸಿ ಮತ್ತೆ ಮೊದಲ ಭಾಗ. ಅಲ್ಲಿಗೆ ಮುಗೀತು. ಮನೆಯಿಂದ ಮಾರ್ಕೆಟ್ಟಿಗೆ ಹೋಗಿ, ಅದೇ ದಾರೀಲಿ ಮನೆಗೆ ಬಂದು ಚಪ್ಪಲಿ ಬಿಟ್ಟ ಹಾಗೆ. ನಾನು ಮನೆಗೆ ಬಂದವಳು ಚಪ್ಪಲಿ ಬಿಡದೆ ಮತ್ತೆ ಮಾರ್ಕೆಟ್ಟಿಗೆ ಹೊರಟುಬಿಟ್ಟೆ! ಮೂವರೂ ನಿಲ್ಲಿಸಿದ್ದಾರೆ, ನಾನೊಬ್ಬಳೇ ನಡುಭಾಗ ಉಜ್ಜುತ್ತಾ ಇದ್ದೀನಿ. ಡಾಕ್ಟರ ಕಮಾನು ಗಾಳೀಲಿ ನಿಂತಿತ್ತು. "ಸ್ಕೆರ್ಟ್ಸೊ ಅಂದ್ರೆ ತಮಾಷೆ ತಾನೆ, ತಮಾಷೆ ಮಾಡಿದೆ" ಅಂದೆ. ಎಲ್ಲರೂ ನಕ್ಕರು.

ಆ ಪದ ಏನು, ಎಲ್ಲಿಂದ ಬಂತು ಅಂತ ನೀನು ಕೇಳಿದ್ದೆಯಲ್ಲ. ಇಟಾಲಿಯನ್ ಪದ. ತಮಾಷೆ, ಚೇಷ್ಟೆ ಅಂತ ಅರ್ಥ. ಅದಕ್ಕೂ ಹಿಂದೆ ಉತ್ತರದ ಕಡೆ ಜನ ನೆಗೆದು ಕುಣಿಯೋದಕ್ಕೆ ಹೇಳ್ತಿದ್ದ ಮಾತಿನಿಂದ ಬಂದಿದ್ದು ಅಂತಾರೆ. ಮೊದಮೊದಲು ಹಗುರವಾದ ಹಾಡುಗಳಿಗೆ ಆ ಹೆಸರಿತ್ತು. ಆಮೇಲೆ ವಾದ್ಯದ ರಚನೆಗಳಲ್ಲಿ ಅರಮನೆಯ ಒಂದು ಕುಣಿತ ಇತ್ತು, ಮೂರು ಎಣಿಕೆಯ ನಯನಾಜೂಕಿನ ಕುಣಿತ. ಅದನ್ನ ಎಬ್ಬಿಸಿ ಅದರ ಜಾಗದಲ್ಲಿ ಇದು ಬಂದು ಕೂತಿತು. ಎಣಿಕೆ ಅದೇ ಮೂರು, ಆದರೆ ಓಟ. ಕುಣಿಯೋಕೆ ಹೋದ್ರೆ ಕಾಲು ಮುರಿಯುತ್ತೆ.

ಕಾಲ್ಚೀಲದ ವಿಷಯ ಬರಿ.

ಬೈದಿದ್ದಕ್ಕಿಂತ ಜಾಸ್ತಿ ಮುದ್ದು ಮಾಡೋ
ಅಮ್ಮ

---

ಫೆಬ್ರವರಿ ೨೦

ಅಮ್ಮಾ,

ಕಾಲ್ಚೀಲ ಒಣಗಲ್ಲ. ಸ್ಟವ್ ಪಕ್ಕ ಸಾಲಾಗಿ ನೇತುಹಾಕ್ತೀವಿ, ಅರ್ಧ ಒಣಗಿದ್ದನ್ನೇ ಹಾಕ್ಕೋತೀವಿ. ಹೊಟ್ಟೆಗೆ ಚೆನ್ನಾಗಿ ತಿಂತೀನಿ. ಸಾಕಾ? ಇನ್ನು ಇಲಾಖೆಯ ವಿಷಯಕ್ಕೆ ಬರಲಾ?

ಪತ್ರ ತರೋ ಜೀಪು ವಾರಕ್ಕೊಮ್ಮೆ ಬರೋದು. ನಿನ್ನ ಪತ್ರ ಬಂದ ದಿನ ನಾನು ಗೋಪುರದ ಮೇಲೆ ಗಾಳಿಯಂತ್ರಕ್ಕೆ ಹಿಡಿದ ಹಿಮ ಕೆರೀತಿದ್ದೆ. ಕೆಳಗಿನಿಂದ ನಮ್ಮ ಸಾಹೇಬರು "ನಿಮ್ಮಮ್ಮ ಬಂದಿದ್ದಾರೆ" ಅಂತ ಕೂಗಿದ್ರು, ಎರಡೆರಡು ಮೆಟ್ಟಿಲು ಹಾರಿ ಇಳಿದೆ. ನೋಡಿದ್ರೆ ಲಕೋಟೆ. ಸಾಹೇಬರಿಗೂ ಪದದ ಕಥೆ ಓದಿ ಹೇಳಿದೆ. ಈಗ ಗಾಳಿ ಜೋರಾಗಿ ಬೀಸಿದಾಗಲೆಲ್ಲ "ಇವತ್ತು ಸ್ಕೆರ್ಟ್ಸೊ" ಅಂತಾರೆ.

ಕಛೇರಿಗೆ ಬಂದೇ ಬರ್ತೀನಿ, ಮೇ ತಿಂಗಳಿಗೆ ರಜೆ ಬರೆದುಕೊಟ್ಟಿದ್ದೀನಿ. ನೀನು ಮತ್ತೆ ಮಾರ್ಕೆಟ್ಟಿಗೆ ಹೋದ್ರೆ ನನಗೇನಾದ್ರೂ ತಗೊಂಡು ಬಾ.

ನಿನ್ನ
ಗುಬ್ಬಿ

---

ಮಾರ್ಚ್ ೩

ಗುಬ್ಬಿಮರಿಗೆ,

ಅರ್ಧ ಒಣಗಿದ ಕಾಲ್ಚೀಲ ಹಾಕ್ಕೋತೀಯಂತೆ, ನಾಚಿಕೆ ಆಗಲ್ವಾ ನಿನಗೆ? ಎರಡು ಜೊತೆ ಹೆಣೆದು ಕಳಿಸ್ತೀನಿ ತಾಳು.

ಇಲ್ಲಿ ಅಭ್ಯಾಸ ನಡೀತಿದೆ. ಡಾಕ್ಟರ ಮೂತಿ ಯಾಕೋ ಇತ್ತೀಚೆಗೆ ಗಂಟು. ಹಲ್ಲು ಕಿತ್ತಿದ್ದಕ್ಕೆ ಯಾರಾದ್ರೂ ಬೈದಿರಬೇಕು. ಔಷಧಿ ಅಂಗಡೀಲಿ ನಾನೀಗ ಬಿಲ್ಲಿನ ಕಡೆ ಕೂರ್ತಿದ್ದೀನಿ, ಹೋದ ತಿಂಗಳಿಂದ. ಔಷಧಿ ಕೊಡೋ ಕಡೆ ದಿನವಿಡೀ ನಿಂತು ಕಾಲು ನೋವು. ಹೊಸಬಳು ಒಬ್ಬಳು ಬಂದಿದ್ದಾಳೆ, ಚುರುಕಾಗಿದ್ದಾಳೆ.

ಅಂದಹಾಗೆ, ಸ್ಕೆರ್ಟ್ಸೊ ಅಂದ್ರೆ ಏನು ಅಂತ ಕೇಳಿದ್ದೆಯಲ್ಲ, ಉತ್ತರ ಬರೆಯೋದೇ ಬಿಟ್ಟುಹೋಗಿತ್ತು. ಇಟಾಲಿಯನ್ ಪದ ಕಣೇ. ತಮಾಷೆ, ಚೇಷ್ಟೆ ಅಂತ ಅರ್ಥ. ಅದಕ್ಕೂ ಹಿಂದೆ ಉತ್ತರದ ಕಡೆ ಜನ ನೆಗೆದು ಕುಣಿಯೋದಕ್ಕೆ ಹೇಳ್ತಿದ್ದ ಮಾತಿನಿಂದ ಬಂದಿದ್ದಂತೆ. ಅರಮನೆಯ ಕುಣಿತ ಒಂದಿತ್ತು, ಮೂರು ಎಣಿಕೇದು, ನಯನಾಜೂಕಿನದು. ಅದನ್ನ ಎಬ್ಬಿಸಿ ಇದು ಬಂದು ಕೂತಿತು. ಎಣಿಕೆ ಅದೇ, ಆದರೆ ಓಟ. ಕುಣಿಯೋಕೆ ಹೋದ್ರೆ ಕಾಲು ಮುರಿಯುತ್ತೆ! ನಿಮ್ಮ ಸಾಹೇಬರಿಗೂ ಓದಿ ಹೇಳು, ಅವರಿಗೂ ಹಿಡಿಸಬಹುದು.

ಅಮ್ಮ

---

ಮಾರ್ಚ್ ೧೩

ಅಮ್ಮಾ,

ಕಾಲ್ಚೀಲಕ್ಕೆ ಕಾಯ್ತಿದ್ದೀನಿ. ಸಾಹೇಬರಿಗೆ ಓದಿ ಹೇಳಿದೆ, ಹಿಡಿಸಿತು ಅಂದ್ರು.

ನಿದ್ದೆ ಚೆನ್ನಾಗಿ ಬರ್ತಿದೆಯಾ? ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದ್ದೀಯಾ? ಸುಮ್ಮನೆ ಕೇಳಿದೆ.

ಗುಬ್ಬಿ

---

ಮಾರ್ಚ್ ೧೩

ಬೀಗದ ಮಾವನಿಗೆ ನಮಸ್ಕಾರಗಳು.

ನಾನು ನಿಮಗೆ ಪತ್ರ ಬರೆದು ಎಷ್ಟೋ ವರ್ಷ ಆಯ್ತು, ಬೇಜಾರು ಮಾಡ್ಕೋಬೇಡಿ. ಸುತ್ತಿಬಳಸದೆ ಕೇಳ್ತೀನಿ. ಅಮ್ಮನಿಗೆ ಏನಾಗಿದೆ?

ಸ್ಕೆರ್ಟ್ಸೊ ಅನ್ನೋ ಪದದ ಕಥೇನ ಫೆಬ್ರವರೀಲಿ ಬರೆದಿದ್ದಳು. ಮಾರ್ಚಿನಲ್ಲಿ ಮತ್ತೆ ಅದೇ ಕಥೆ, ಹೆಚ್ಚುಕಮ್ಮಿ ಅದೇ ಮಾತುಗಳಲ್ಲಿ ಬರೆದಿದ್ದಾಳೆ. ಮೊದಲನೇ ಸಲ ಹೇಳ್ತಿರೋ ಹಾಗೆ. ಎರಡೂ ಪತ್ರ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟುಕೊಂಡು ಕೂತಿದ್ದೀನಿ, ಕೈಕಾಲು ತಣ್ಣಗಾಗಿದೆ. ಇಲ್ಲಿ ಯಾವಾಗಲೂ ತಣ್ಣಗೇ ಇರುತ್ತೆ, ಇದು ಆ ಚಳಿ ಅಲ್ಲ.

ಅಭ್ಯಾಸದಲ್ಲಿ ಒಂದು ಸಲ ದಾರಿ ತಪ್ಪಿದೆ ಅಂತ ನಗ್ತಾ ಬರೆದಿದ್ದಳು. ಅದು ಒಂದೇ ಸಲವಾ? ನಿಜ ಹೇಳಿ. ಒಂದೇ ಸಲ ಅಲ್ಲ ಅನ್ನೋದಾದ್ರೆ ದಯವಿಟ್ಟು ಅವಳನ್ನ ಕಛೇರಿಯಿಂದ ಬಿಡಿಸಿ. ಇಲ್ಲ, ಆ ಸ್ಕೆರ್ಟ್ಸೊವನ್ನೇ ಬಿಟ್ಟುಬಿಡಿ. ಜನ ತುಂಬಿದ ಸಭೇಲಿ ಅಮ್ಮನ ಮುಖ ಸಣ್ಣದಾಗೋದನ್ನ ನಾನು ನೋಡಲಾರೆ ಮಾವ.

ನಿಮ್ಮ
ಗುಬ್ಬಿ

---

ಮಾರ್ಚ್ ೨೫

ಚಿರಂಜೀವಿ ಗುಬ್ಬಿಗೆ,

ನನಗೆ ಪತ್ರ ಬರೆಯೋಕೆ ಬರಲ್ಲ. ಬೀಗ ತೆಗೆಯೋದು ಬರುತ್ತೆ, ಚೆಲ್ಲೊ ಕುಯ್ಯೋದು ಬರುತ್ತೆ. ಅದಕ್ಕೇ ನೆಟ್ಟಗೆ ಬರೀತೀನಿ.

ಒಂದೇ ಸಲ ಅಲ್ಲ. ಈಗ ತಪ್ಪದೆ ಇರೋದೇ ಅಪರೂಪ. ಬೇರೆಲ್ಲೂ ತಪ್ಪಲ್ಲ ಮಗಾ, ಅದೇ ಸೋಜಿಗ. ನಿಧಾನದ ಭಾಗ ನುಡಿಸಿದ್ರೆ ನಾವು ಮೂವರೂ ಬೆಪ್ಪರ ಹಾಗೆ ಕೇಳ್ತಾ ಕೂರಬೇಕು, ಹಾಗೆ ನುಡಿಸ್ತಾಳೆ. ಸ್ಕೆರ್ಟ್ಸೊದಲ್ಲಿ ಆ ಒಂದೇ ತಿರುವು. ಮೊದಲ ಭಾಗ ಮುಗಿದಾಗ ಇದು ಹೋಗೋ ಸಲವಾ, ನಿಲ್ಲೋ ಸಲವಾ ಅಂತ ಗೊತ್ತಾಗಲ್ಲ. ಹಾಳೆ ಮೇಲೆ ಎರಡು ಸಲಕ್ಕೂ ಇರೋದು ಅದೇ ಸ್ವರಗಳು, ನೋಡಿದ್ರೆ ತಿಳಿಯಲ್ಲ. ನೆನಪಿರಬೇಕು.

ನಾನು ತಲೆ ಆಡಿಸಿ ಸನ್ನೆ ಮಾಡ್ತೀನಿ ಅಂದೆ. ಮಾಡಿದೆ ಕೂಡ. ಆದರೆ ನುಡಿಸುವಾಗ ಅವಳು ಯಾರ ಮುಖವನ್ನೂ ನೋಡಲ್ಲ. ಭೂಗೋಳದ ಮೇಡಂ ಅವಳ ಹಾಳೆಗೆ ಒಂದು ಕೆಂಪು ಚೀಟಿ ಅಂಟಿಸಿದ್ರು. ಮಾರನೇ ವಾರ ಅದನ್ನ ಕಿತ್ತು, ನಯವಾಗಿ ಮಡಿಸಿ, ಮೇಡಂ ಪರ್ಸಿನ ಮೇಲಿಟ್ಟಳು.

ಡಾಕ್ಟರು ತಮ್ಮ ಅಳಿಯನನ್ನ ಕೂರಿಸೋಣ ಅಂತಿದ್ದಾರೆ. ಅಳಿಯ ವಯೋಲಾ ನುಡಿಸ್ತಾನಂತೆ. ಕೇಳಿದ್ದೀನಿ, ಬಾಗಿಲ ಕೀಲಿಗೆ ಎಣ್ಣೆ ಬಿಡಬೇಕು ಅನ್ಸುತ್ತೆ. ಕೆಟ್ಟವರಲ್ಲ ಡಾಕ್ಟರು. ಹೆದರಿದ್ದಾರೆ ಅಷ್ಟೆ, ನಾವೆಲ್ಲರೂ ಹೆದರಿದ್ದೀವಿ. ನೀನು ಬಿಡು ಅಂತ ಅವಳಿಗೆ ಹೇಳೋ ಬಾಯಿ ನನಗಿಲ್ಲ. ಮಗಳು ನೀನು. ಹೇಳಲೇಬೇಕು ಅಂದ್ರೆ ನೀನೇ ಹೇಳು.

ಬೀಗದ ಮಾವ

---

ಏಪ್ರಿಲ್ ೨

ಅಮ್ಮಾ,

ಬೈಬೇಡ, ಕೊನೇತನಕ ಓದು.

ಪದದ ಕಥೇನ ನೀನು ಎರಡು ಸಲ ಬರೆದೆ. ಎರಡನೇ ಸಲ ಬರೆಯುವಾಗ ಮೊದಲನೇದು ನಿನಗೆ ನೆನಪಿರಲಿಲ್ಲ. ನಾನು ಸುಮ್ಮನಿದ್ದೆ, ತಡೆಯೋಕಾಗದೆ ಮಾವನಿಗೆ ಬರೆದು ಕೇಳಿದೆ. ಅಭ್ಯಾಸದಲ್ಲಿ ಆಗ್ತಿರೋದನ್ನ ಅವರು ತಿಳಿಸಿದ್ರು. ಅವರ ಮೇಲೆ ಕೋಪ ಮಾಡ್ಕೋಬೇಡ.

ಅಮ್ಮಾ, ಡಾಕ್ಟರ ಹತ್ತಿರ ಹೋಗು. ಹಲ್ಲಿನವರಲ್ಲ, ನಿಜವಾದ ಡಾಕ್ಟರು. ಮತ್ತೆ ಈ ಕಛೇರಿ ಬಿಟ್ಟುಬಿಡು. ಇಲ್ಲಿ ಹಗಲೆಲ್ಲ ಮಾಪಕದ ಮುಂದೆ ನಿಂತಿರ್ತೀನಿ, ಓದಿದ ಅಂಕಿ ತಲೇಗೆ ಹೋಗಲ್ಲ. ನೀನು ವೇದಿಕೆ ಮೇಲೆ ಒಬ್ಬಳೇ ನುಡಿಸ್ತಿರೋದು, ಮೂವರು ಕೈ ಕಟ್ಟಿ ಕೂತಿರೋದು, ಯಾರೋ ಹಿಂದಿನ ಸಾಲಲ್ಲಿ ಕಿಸಕ್ಕೆಂದು ನಗೋದು, ಅದೇ ಕಣ್ಣ ಮುಂದೆ ಬರುತ್ತೆ. ನನಗೆ ತುಂಬಾ ಭಯ ಆಗ್ತಿದೆ.

ಗುಬ್ಬಿ

---

ಏಪ್ರಿಲ್ ೧೪

ಗುಬ್ಬಿ,

ನಿನ್ನ ಪತ್ರ ಬಂದ ದಿನವೇ ಉತ್ತರ ಬರೆದು ಹರಿದು ಹಾಕಿದೆ. ಅದರಲ್ಲಿ ಬರೀ ಬೈಗುಳ ಇತ್ತು. ನನ್ನ ಬೆನ್ನ ಹಿಂದೆ ನನ್ನ ಸ್ನೇಹಿತರನ್ನ ವಿಚಾರಿಸೋಷ್ಟು ದೊಡ್ಡವಳಾದ್ಯಾ ನೀನು? ಸರಿ, ಒಂದು ಬೈಗುಳ ಇಲ್ಲೂ ಬಂತು, ಸಾಕು.

ನನಗೆ ಗೊತ್ತು ಕಣೇ. ನಿನಗಿಂತ ಮೊದಲೇ ಗೊತ್ತು. ಜನವರೀಲಿ ಒಬ್ಬ ಅಜ್ಜನಿಗೆ ರಕ್ತದೊತ್ತಡದ ಮಾತ್ರೆ ಕಟ್ಟಿಕೊಟ್ಟೆ. ಅವರು ಇನ್ನೂ ಬಾಗಿಲು ದಾಟಿಲ್ಲ, "ಬನ್ನಿ ಬನ್ನಿ, ನಿಮ್ಮ ಮಾತ್ರೆ ಬಿಟ್ಟು ಹೊರಟ್ರಿ" ಅಂತ ಇನ್ನೊಂದು ಪೊಟ್ಟಣ ಕಟ್ಟೋಕೆ ಶುರುಮಾಡಿದೆ. ಅವರು ನಕ್ಕು ಕೈಯಲ್ಲಿದ್ದದ್ದು ತೋರಿಸಿದ್ರು. ಆ ವಾರವೇ ಡಾಕ್ಟರ ಹತ್ತಿರ ಹೋದೆ, ನಿಜವಾದ ಡಾಕ್ಟರು. ಚಿತ್ರ ತೋರಿಸಿದ್ರು, ಗಡಿಯಾರ ಬರೆಸಿದ್ರು, ತಲೆಯ ಫೋಟೊ ತೆಗೆಸಿದ್ರು. ಶುರುವಾಗಿದೆ ಅಂದ್ರು. ನಿಧಾನವಾಗಿ ಹೋಗಬಹುದು, ಬೇಗನೂ ಹೋಗಬಹುದು, ಹೇಳೋಕಾಗಲ್ಲ ಅಂದ್ರು. ನಾನೇ ಯಜಮಾನರಿಗೆ ಹೇಳಿ ಬಿಲ್ಲಿನ ಕಡೆಗೆ ಬಂದೆ. ಕಾಲು ನೋವು ಅಂತ ನಿನಗೆ ಸುಳ್ಳು ಬರೆದೆ.

ಆದರೆ ಪದದ ಕಥೆ ಎರಡು ಸಲ ಬರೆದಿದ್ದು ಗೊತ್ತಿರಲಿಲ್ಲ. ಅದನ್ನ ಓದಿದಾಗ ಎಷ್ಟು ನಾಚಿಕೆ ಆಯ್ತು ಅಂದ್ರೆ, ಮನೇಲಿ ಯಾರೂ ಇಲ್ಲದಿದ್ರೂ ಮುಖಕ್ಕೆ ಸೆರಗು ಮುಚ್ಚಿಕೊಂಡೆ. ಮಗಳಿಗೆ ಬರೆಯೋ ಪತ್ರವಾದ್ರೂ ನನ್ನ ಹತೋಟೀಲಿದೆ ಅಂದ್ಕೊಂಡಿದ್ದೆ.

ಆ ತಿರುವಲ್ಲಿ ಏನಾಗುತ್ತೆ ಹೇಳ್ಲಾ? ಮರೆತೆ ಅನ್ನಿಸಲ್ಲ. ಈಗಷ್ಟೇ ಶುರುಮಾಡಿದೆ ಅಂತಲೂ ಅನ್ಸುತ್ತೆ, ಆಗಲೇ ಹೋಗಿ ಬಂದೆ ಅಂತಲೂ ಅನ್ಸುತ್ತೆ. ಎರಡೂ ಅಷ್ಟೇ ನಿಜ. ಕಮಾನು ನಿಲ್ಲೋ ಹಾಗಿಲ್ಲ, ಯೋಚನೆ ಮಾಡೋಕೆ ಹೊತ್ತಿಲ್ಲ, ಓಟ ಅದು. ಯಾವುದೋ ಒಂದು ಕಡೆ ಹಾರಿಬಿಡ್ತೀನಿ.

ಕಛೇರಿ ಬಿಡಲ್ಲ. ಒಲೆ ಆರಿಸಿದ್ನಾ ಅಂತ ಹೆದರ್ತೀನಿ, ಬೀಗ ಹಾಕಿದ್ನಾ ಅಂತ ಮೆಟ್ಟಿಲು ಹತ್ತಿ ವಾಪಸ್ ಬರ್ತೀನಿ, ಗುರುತಿನವರು ಎದುರು ಬಂದ್ರೆ ಹೆಸರು ಬರುತ್ತೋ ಇಲ್ವೋ ಅಂತ ಹೆದರ್ತೀನಿ. ದಿನವೆಲ್ಲ ಅದೇ. ವಯೋಲಾ ಹಿಡಿದಾಗ ಆ ಒಂದು ತಿರುವು ಬಿಟ್ಟು ಉಳಿದದ್ದೆಲ್ಲ ಇನ್ನೂ ನನ್ನದೇ. ಅದನ್ನ ಬಿಡು ಅಂತೀಯಲ್ಲ, ಮನಸ್ಸು ಹೇಗೆ ಬಂತು ನಿನಗೆ? ಇದೊಂದು ಸಲ ಜನರೆದುರು ನುಡಿಸಿಬಿಡ್ತೀನಿ. ಹಲ್ಲಿನ ಡಾಕ್ಟರಿಗೂ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೀನಿ, ಅಳಿಯನನ್ನ ಮದುವೆ ಮನೇಲಿ ನುಡಿಸೋಕೆ ಕಳಿಸಿ ಅಂತ.

ನೀನು ಬಂದು ಮೊದಲ ಸಾಲಲ್ಲಿ ಕೂರಬೇಕು. ತಪ್ಪಿದ್ರೆ ತಲೆ ಬಗ್ಗಿಸಬಾರದು, ನನ್ನನ್ನೇ ನೋಡ್ತಿರಬೇಕು. ಅಷ್ಟು ಮಾಡು.

ಅಮ್ಮ

---

ಮೇ ೬

ಅಮ್ಮಾ,

ಹೇಗೆ ಬರೀಲಿ? ಬೆಟ್ಟದ ನಡುವೆ ದಾರಿ ಕುಸಿದಿದೆ. ಸರಿಮಾಡೋಕೆ ಮೂರು ವಾರವಾದ್ರೂ ಬೇಕಂತೆ. ಜೀಪು ಬರಲ್ಲ, ನನಗೆ ಇಳಿಯೋಕಾಗಲ್ಲ. ನಡೆದೇ ಹೋಗ್ತೀನಿ ಅಂತ ಚೀಲ ಕಟ್ಟಿದ್ದೆ, ಸಾಹೇಬರು ಬೂಟು ಬಚ್ಚಿಟ್ಟರು. ಕೆಳಗಿನವರೊಬ್ಬರು ಹಗ್ಗ ಹಿಡಿದು ಹತ್ತಿ ನಮಗೆ ಬೇಕಾದ ಔಷಧಿ ತಂದು ಕೊಟ್ಟರು, ಈ ಪತ್ರ ಅವರ ಕೈಲಿ ಕಳಿಸ್ತಿದ್ದೀನಿ.

ಬಿಡು ಅಂದೆನಲ್ಲ, ಆ ಮಾತು ವಾಪಸ್ ತಗೊಂಡೆ. ನುಡಿಸು ಅಮ್ಮಾ. ನಾನು ಅಲ್ಲಿಲ್ಲ, ಆದರೆ ತಲೆ ಬಗ್ಗಿಸಲ್ಲ.

ಗುಬ್ಬಿ

---

ಮೇ ೧೭

ಚಿರಂಜೀವಿ ಗುಬ್ಬಿಗೆ,

ನಿನ್ನೆ ಕಛೇರಿ ಆಯ್ತು. ದಾರಿ ತೆರೆದಾಗ ಇದು ನಿನಗೆ ಸಿಗಲಿ ಅಂತ ಇವತ್ತೇ ಬರೀತಿದ್ದೀನಿ, ತಡಮಾಡಿದ್ರೆ ನಾನು ಬಣ್ಣ ಹಚ್ಚಿಬಿಡ್ತೀನಿ.

ಸಭೆ ತುಂಬಿತ್ತು. ನಿಮ್ಮಮ್ಮ ನೀಲಿ ಸೀರೆ ಉಟ್ಟಿದ್ದಳು. ಮೊದಲ ಸಾಲಿನಲ್ಲಿ ಒಂದು ಕುರ್ಚಿ ಮೇಲೆ ತನ್ನ ಶಾಲು ಹಾಕಿಸಿ ಯಾರನ್ನೂ ಕೂರೋಕೆ ಬಿಡಲಿಲ್ಲ. ನಿಧಾನದ ಭಾಗ ಮುಗಿದಾಗ ಕೆಮ್ಮೋರೂ ಕೆಮ್ಮಲಿಲ್ಲ. ಆಮೇಲೆ ಸ್ಕೆರ್ಟ್ಸೊ. ಮೊದಲ ಭಾಗ ಆಯ್ತು, ನಡುಭಾಗ ಆಯ್ತು, ಮತ್ತೆ ಮೊದಲ ಭಾಗ ಆಯ್ತು. ನಾವು ಮೂವರೂ ನಿಲ್ಲಿಸಿದ್ವಿ. ಅವಳು ನಿಲ್ಲಿಸಲಿಲ್ಲ. ಮತ್ತೆ ನಡುಭಾಗಕ್ಕೆ ಹೋದಳು.

ಮಗಾ, ಆ ಸಭೇಲಿ ಅವಳೊಬ್ಬಳದೇ ವಯೋಲಾ. ನನ್ನ ಕಮಾನು ತೊಡೆ ಮೇಲೇ ಇತ್ತು. ಮೊದಲು ಕಮಾನು ಎತ್ತಿದ್ದು ಯಾರು ಅಂತೀಯ? ಡಾಕ್ಟರು. ಅಳಿಯನನ್ನ ಕೂರಿಸೋಣ ಅಂದಿದ್ದ ಅದೇ ಡಾಕ್ಟರು. ಪುಟ ಹಿಂದಕ್ಕೆ ತಿರುಗಿಸಿ, ಅವಳಿದ್ದ ಜಾಗ ಹುಡುಕಿ, ಜೊತೆ ಸೇರಿಕೊಂಡರು. ನಾನೂ ಸೇರಿದೆ. ಮೇಡಂ ಅಳ್ತಾನೇ ಸೇರಿದ್ರು. ಇಡೀ ಸುತ್ತು ಮತ್ತೊಮ್ಮೆ ನುಡಿಸಿದ್ವಿ, ಮೊದಲಿಗಿಂತ ಚೆನ್ನಾಗಿ. ಕೊನೆಯ ತಿರುವು ಮತ್ತೆ ಬಂತು. ಇನ್ನೊಂದು ಸಲ ಹೋಗ್ತಾಳಾ? ಹೋದ್ರೆ ಹೋಗೋದೇ ಅಂತ ಮೂವರೂ ಅವಳ ಕಮಾನು ನೋಡ್ತಿದ್ವಿ. ನಿಲ್ಲಿಸಿದಳು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ರಚನೆ ಇರೋದೇ ಹಾಗೆ ಅಂದ್ಕೊಂಡರು.

ಅವಳಿಗೆ ಗೊತ್ತಾಗಿಲ್ಲ. ನಾವು ಯಾರೂ ಹೇಳಿಲ್ಲ. ನೀನು ಹೇಳೋದಾದ್ರೆ ಹೇಳು, ಬಿಡೋದಾದ್ರೆ ಬಿಡು. ನಿನಗೆ ಬಿಟ್ಟಿದ್ದು.

ಬೀಗದ ಮಾವ

---

ಮೇ ೧೭

ನನ್ನ ಗುಬ್ಬಿಮರಿ,

ತಪ್ಪಲಿಲ್ಲ ಕಣೇ! ಒಂದೇ ಒಂದು ಕಡೆ ತಪ್ಪಲಿಲ್ಲ! ಆ ಹಾಳು ತಿರುವು ಬಂದಾಗ ಜೀವ ಬಾಯಿಗೆ ಬಂತು. ಒಂದು ಗಳಿಗೆ ನಾನೊಬ್ಬಳೇ ನುಡಿಸ್ತಿದ್ದೀನೇನೋ ಅಂತಲೂ ಅನ್ನಿಸ್ತು. ಸತ್ತೆ ಅಂದ್ಕೊಂಡೆ. ಕಿವಿಗೊಟ್ಟು ಕೇಳ್ತೀನಿ, ಮೂವರೂ ಜೊತೇಲೇ ಇದ್ದಾರೆ. ಬರೀ ನನ್ನ ಹೆದರಿಕೆ. ಮುಗಿದ ಮೇಲೆ ಹಲ್ಲಿನ ಡಾಕ್ಟರು ಎಲ್ಲರೆದುರು ನನ್ನ ಕೈ ಹಿಡ್ಕೊಂಡು ಬಿಡಲೇ ಇಲ್ಲ. ಪಾಪ, ಅಳಿಯನ ವಿಷಯಕ್ಕೆ ನಾಚಿಕೆ ಆಗಿರಬೇಕು.

ನಿನ್ನ ಕುರ್ಚಿ ಖಾಲಿ ಇಟ್ಟಿದ್ದೆ. ನುಡಿಸುವಾಗ ಯಾರ ಮುಖವನ್ನೂ ನೋಡದೋಳು ಆ ಶಾಲು ಮಾತ್ರ ನೋಡಿದೆ. ಕಾಲ್ಚೀಲ ಒಂದು ಜೊತೆ ಆಗಿದೆ, ಇನ್ನೊಂದಕ್ಕೆ ಹಿಮ್ಮಡಿ ಬಾಕಿ.

ಅಂದಹಾಗೆ, ಸ್ಕೆರ್ಟ್ಸೊ ಅಂದ್ರೆ ಏನು, ಆ ಪದ ಎಲ್ಲಿಂದ ಬಂತು ಅಂತ ನೀನು ಕೇಳಿದ್ದೆ ಅಲ್ವಾ? ಒಳ್ಳೇ ಕಥೆ ಇದೆ ಅದಕ್ಕೆ. ನಿನಗೆ ಬರೆದಿದ್ದೀನೋ ಇಲ್ವೋ ತಿಳೀತಿಲ್ಲ. ಬರೆದಿದ್ರೆ ಬರೆದಿದ್ದೀಯ ಅಂತ ಹೇಳಿಬಿಡು, ಸುಮ್ಮನಾಗ್ತೀನಿ.

ಅಮ್ಮ

---

ಮೇ ೨೯

ಅಮ್ಮಾ,

ಇವತ್ತು ದಾರಿ ತೆರೀತು. ಒಂದೇ ಜೀಪಿನಲ್ಲಿ ನಿನ್ನ ಪತ್ರ, ಮಾವನ ಪತ್ರ ಎರಡೂ ಬಂದವು. ಎಲ್ಲೂ ತಪ್ಪದೆ ನುಡಿಸಿದೆ ಅಂತ ಅವರೂ ಬರೆದಿದ್ದಾರೆ. ಓದ್ತಾ ಓದ್ತಾ ಸ್ಟವ್ ಮೇಲಿಟ್ಟಿದ್ದ ಅನ್ನ ಸೀದುಹೋಯ್ತು, ಸಾಹೇಬರು ಅದನ್ನೇ ತಿಂದರು.

ನಮ್ಮೂರಿನ ಆಫೀಸಿಗೆ ವರ್ಗ ಕೇಳಿದ್ದೀನಿ, ಕೊಡ್ತಾರಂತೆ. ನಿನ್ನ ಪಕ್ಕದ ಕೋಣೇಲಿ ನನ್ನ ಮಂಚ ಇದೆ ತಾನೆ, ಅದರ ಮೇಲಿನ ಸಾಮಾನೆಲ್ಲ ತೆಗಿ.

ಆ ಪದದ ಕಥೆ ನೀನು ಬರೆದಿಲ್ಲಮ್ಮ. ಒಂದು ಸಲವೂ ಬರೆದಿಲ್ಲ. ಕೇಳಿ ಕೇಳಿ ಸಾಕಾಯ್ತು, ಈಗಲಾದ್ರೂ ಹೇಳು. ಯಾವ ಭಾಷೇದು, ಏನರ್ಥ, ಯಾರನ್ನ ಎಬ್ಬಿಸಿ ಯಾರ ಜಾಗದಲ್ಲಿ ಬಂದು ಕೂತಿತು, ಎಲ್ಲಾ ಬರಿ. ಮೊದಲಿನಿಂದ ಬರಿ, ಅವಸರ ಬೇಡ.

ನಿನ್ನ ಜೊತೇಲೇ ಇರೋ
ಗುಬ್ಬಿ